ಮುಯ್ಯಿಯ ಲೆಕ್ಕ, ಬೆಳೆಯ ಪಾಲು

(ಬಾನುಲಿ ಭಾಷಣ)



ಕನ್ನಡದಲ್ಲಿ ‘ಮುಯ್ಯಿ’ ಎಂಬುದೊಂದು ಮಾತಿದೆ. ಎರಡೇ ಅಕ್ಷರದ ಮಾತು, ಆದರೆ ಅದರ ಒಡಲು ದೊಡ್ಡದು. ಮದುವೆಯ ಮನೆಯಲ್ಲಿ ಬಂಧುಬಳಗದವರು ಓದಿಸುವ ಉಡುಗೊರೆಯೂ ಮುಯ್ಯಿ. ಹಿಂದೆ ಪಡೆದ ಉಪಕಾರವನ್ನು ತೀರಿಸುವುದೂ ಮುಯ್ಯಿ. ಹಿಂದೆ ಆದ ಅಪಕಾರಕ್ಕೆ ಸೇಡು ತೀರಿಸಿಕೊಳ್ಳುವುದೂ ಮುಯ್ಯಿಯೇ. ಪ್ರೀತಿಗೂ ಹಗೆಗೂ ಒಂದೇ ಪದ ಹೇಗೆ ಸಂದಿತೆಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಅದರಲ್ಲಿ ಸೋಜಿಗವೇನೂ ಇಲ್ಲ. ಬಂದದ್ದನ್ನು ಬಂದಷ್ಟೇ ಹಿಂದಿರುಗಿಸುವುದು ಮುಯ್ಯಿಯ ತಿರುಳು. ಬಂದದ್ದು ಬೆಲ್ಲವೋ ಬೇವೋ ಎಂಬುದನ್ನು ಆ ಪದ ವಿಚಾರಿಸುವುದಿಲ್ಲ. ಇದೇ ಪದಕ್ಕೆ ಹೊಲಗದ್ದೆಗಳಲ್ಲಿ ಇನ್ನೊಂದು ಬಳಕೆಯುಂಟು. ನನ್ನ ಹೊಲದಲ್ಲಿ ನೀನು ಒಂದು ದಿನ ಕಳೆ ತೆಗೆದರೆ ನಿನ್ನ ಹೊಲದಲ್ಲಿ ನಾನು ಒಂದು ದಿನ ಕಳೆ ತೆಗೆಯುತ್ತೇನೆ. ನಡುವೆ ಹಣದ ಮಾತಿಲ್ಲ. ಹೀಗೆ ಬಂದು ದುಡಿಯುವವನು ಮುಯ್ಯಾಳು. ಮಲೆನಾಡಿನ ಅಡಕೆ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ನೆರೆಹೊರೆಯವರು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ, ಮೆಟ್ಟುಗತ್ತಿಯ ಮುಂದೆ ಕುಳಿತು, ಮಾತುಕತೆಯ ನಡುವೆ ಅಡಕೆ ಸುಲಿದುಕೊಟ್ಟು ಬರುತ್ತಿದ್ದುದೂ ಇದೇ ಬಗೆಯದು.

ದುಡಿಮೆಯ ಕೊಡುಕೊಳ್ಳುವಿಕೆಗೆ ಹೀಗೊಂದು ಪದವಿದ್ದರೆ, ಬೆಳೆಯ ಹಂಚಿಕೆಗೆ ಪದಗಳ ಒಂದು ರಾಶಿಯೇ ಇದೆ. ಒಡೆಯನಿಗೆ ಅರ್ಧ, ಉತ್ತವನಿಗೆ ಅರ್ಧ ಎಂದು ಒಪ್ಪಿ ಮಾಡುವುದು ವಾರ. ಕೋರು ಎಂದೂ ಹೇಳುವುದುಂಟು. ಬೆಳೆ ಬರಲಿ ಬಿಡಲಿ ಇಷ್ಟು ಅಳೆಯಲೇಬೇಕೆಂಬುದು ಗುತ್ತಿಗೆ. ಅದು ಕರಾವಳಿ ಮಲೆನಾಡುಗಳಲ್ಲಿ ಗೇಣಿ, ಉತ್ತರ ಕರ್ನಾಟಕದಲ್ಲಿ ಲಾವಣಿ. ಹಾಡುವ ಲಾವಣಿ ಬೇರೆ, ಇದು ಅಳೆಯುವ ಲಾವಣಿ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ನೀರಗಂಟಿ ಮೊದಲಾದವರಿಗೆ ವರ್ಷವಿಡೀ ಮಾಡಿದ ಸೇವೆಗಾಗಿ ಕಣದಲ್ಲಿ ಅಳೆದು ಕೊಡುತ್ತಿದ್ದುದು ಆಯ. ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಉಳಿದುಬಿದ್ದ ತೆನೆ, ಕಾಳು ಹಕ್ಕಲು. ಅದನ್ನು ಆಯ್ದುಕೊಳ್ಳುತ್ತಿದ್ದವರು ಏನೂ ಇಲ್ಲದವರು. ಇಷ್ಟು ಬಗೆಯ ಪಾಲಿಗೆ ಇಷ್ಟು ಹೆಸರಿಟ್ಟ ಜನ ಪಾಲಿನ ವಿಷಯದಲ್ಲಿ ಎಷ್ಟು ಜಗಳವಾಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಜಗಳವಿಲ್ಲದ ಕಡೆ ಭಾಷೆ ಇಷ್ಟು ಸೂಕ್ಷ್ಮವಾಗುವುದಿಲ್ಲ.

ಮೂವತ್ತು ವರ್ಷ ಈ ಪದಗಳನ್ನು ನಿಘಂಟುಗಳಲ್ಲಿಯೂ ಜಾನಪದ ಸಂಗ್ರಹಗಳಲ್ಲಿಯೂ ನೋಡಿ ಪಾಠ ಹೇಳಿದವನು ನಾನು. ಅವು ಕಾಲು ಮೂಡಿ ಕಣ್ಣೆದುರಿಗೆ ನಡೆದಾಡಲು ತೊಡಗಿದ್ದು ನಿವೃತ್ತಿಯ ಅನಂತರ, ಮೈಸೂರಿನ ಹೊರವಲಯದಲ್ಲಿರುವ ನಮ್ಮ ಬಡಾವಣೆಯಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಅರವತ್ತು-ನಲವತ್ತರ ಎರಡು ನಿವೇಶನಗಳು ಒಂದಕ್ಕೊಂದು ಅಂಟಿಕೊಂಡು ಬಹುಕಾಲದಿಂದ ಖಾಲಿ ಬಿದ್ದಿದ್ದವು. ಒಡೆಯರು ಪರದೇಶದಲ್ಲಿದ್ದರು. ಕಾಂಗ್ರೆಸ್ ಗಿಡ ಆಳೆತ್ತರ ಬೆಳೆದಿತ್ತು. ಅಕ್ಕಪಕ್ಕದಲ್ಲಿ ಮನೆ ಕಟ್ಟಿದವರೆಲ್ಲ ಒಡೆದ ಇಟ್ಟಿಗೆ, ಗಾರೆಯ ಚೂರುಗಳನ್ನು ಅಲ್ಲಿಯೇ ಸುರಿದಿದ್ದರು. ಬೀದಿಯ ಹನ್ನೊಂದು ಮನೆಗಳವರು ಕೂಡಿ, ಒಡೆಯರಿಗೆ ಬರೆದು, ಅವರು ಕೇಳಿದಾಗ ಮರುಮಾತಿಲ್ಲದೆ ಬಿಟ್ಟುಕೊಡುವುದಾಗಿ ಮಾತುಕೊಟ್ಟು, ಅಲ್ಲಿ ತರಕಾರಿ ಬೆಳೆಯಲು ತೊಡಗಿದೆವು. ಮೊದಲ ಎರಡು ತಿಂಗಳು ನಾವು ಬೆಳೆದದ್ದೇನೂ ಇಲ್ಲ, ಇಟ್ಟಿಗೆ ಆರಿಸಿದ್ದಷ್ಟೇ. ಆಮೇಲೆ ಮೂರು ಟ್ರಾಕ್ಟರ್ ಕೆರೆಗೋಡು ಬಂತು, ಒಂದು ಟ್ರಾಕ್ಟರ್ ಕೊಟ್ಟಿಗೆ ಗೊಬ್ಬರ ಬಂತು. ಪೇಟೆಯ ನೆಲಕ್ಕೂ ಮಣ್ಣಿನ ವಾಸನೆ ಮರಳಿ ಬರಲು ಸಾಧ್ಯವೆಂಬುದನ್ನು ಕಂಡೆವು.

ಇಂಥ ತೋಟಗಳು ಪ್ರಪಂಚಕ್ಕೆ ಹೊಸತಲ್ಲ. ಇಂಗ್ಲೆಂಡಿನಲ್ಲಿ ಜಮೀನಿಲ್ಲದ ದುಡಿಮೆಗಾರರಿಗೆ ತರಕಾರಿ ಬೆಳೆಯಲು ಸ್ಥಳೀಯ ಸಂಸ್ಥೆಗಳು ತುಂಡು ನೆಲ ಒದಗಿಸಬೇಕೆಂದು 1908ರಲ್ಲಿ ಕಾಯಿದೆಯೇ ಆಯಿತು. ಒಂದು ತುಂಡಿನ ರೂಢಿಯ ಅಳತೆ ಸುಮಾರು 250 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನ್ಯೂಯಾರ್ಕ್ ನಗರದಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಮಹಿಳೆ ಮತ್ತು ಆಕೆಯ ಗೆಳೆಯರು ಕಸ ತುಂಬಿದ ಖಾಲಿ ನಿವೇಶನವೊಂದನ್ನು ಹಸನುಮಾಡಿ ತೋಟ ಮಾಡಿದರು. ಅದು ಈಗ ಆಕೆಯ ಹೆಸರಿನಲ್ಲಿಯೇ ಇದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಒಂದು ಅನುಕೂಲವುಂಟು: ನಿನ್ನ ತುಂಡು ನಿನಗೆ, ನನ್ನ ತುಂಡು ನನಗೆ. ನಿನ್ನ ಬದನೆಗೆ ಹುಳು ಬಿದ್ದರೆ ನಿನ್ನ ಹಣೆಬರಹ. ನಮ್ಮಲ್ಲಿ ಅದು ಸಾಧ್ಯವಿರಲಿಲ್ಲ. ಎರಡೂ ನಿವೇಶನ ಕೂಡಿಸಿದರೆ ನಾಲ್ಕು ಗುಂಟೆಯ ಮೇಲೆ ತುಸು. ಅದನ್ನು ಹನ್ನೊಂದು ಮಾಡಿದರೆ ಒಂದೊಂದು ಮನೆಗೆ ಅರ್ಧ ಗುಂಟೆಯೂ ಬರುವುದಿಲ್ಲ. ನಡುವೆ ಬದು ಹಾಕಿದರೆ ಬದುಗಳೇ ಬೆಳೆಯುತ್ತವೆ. ಆದ್ದರಿಂದ ಒಟ್ಟಿಗೆ ದುಡಿಯುವುದು, ಬಂದದ್ದನ್ನು ಒಟ್ಟಿಗೆ ಹಂಚಿಕೊಳ್ಳುವುದು ಎಂದಾಯಿತು.

‘ಒಟ್ಟಿಗೆ’ ಎಂಬುದು ಹೇಳುವುದಕ್ಕೆ ಸೊಗಸಾದ ಮಾತು. ಆದರೆ ಬೆಳಗಿನ ಆರು ಗಂಟೆಗೆ ಗುದ್ದಲಿ ಹಿಡಿಯುವವರು ಯಾರು? ನಮ್ಮ ಪುಣ್ಯಕ್ಕೆ ಬೀದಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರಿದ್ದರು. ಅವರು ದಪ್ಪ ರಟ್ಟಿನ ಪುಸ್ತಕವೊಂದನ್ನು ತಂದು, ಮನೆಗೊಂದು ಪುಟವಿಟ್ಟು, ಗೆರೆ ಎಳೆದು, ಯಾರು ಎಂದು ಎಷ್ಟು ಗಂಟೆ ದುಡಿದರೆಂದು ಬರೆಯತೊಡಗಿದರು. ಅಗೆದರೂ ಒಂದು ಗಂಟೆ, ನೀರು ಹಾಯಿಸಿದರೂ ಒಂದು ಗಂಟೆ. ವಾರಕ್ಕೆ ಮನೆಗೆ ನಾಲ್ಕು ಗಂಟೆ ಎಂದು ಗೊತ್ತಾಯಿತು. ಕಡಮೆ ಬಿದ್ದದ್ದನ್ನು ಮುಂದಿನ ವಾರ ತುಂಬಿಕೊಡಬೇಕು; ಹೆಚ್ಚು ಮಾಡಿದ್ದು ಖಾತೆಯಲ್ಲಿ ಜಮೆ. ಇದನ್ನು ಕೆಲವರು ನಕ್ಕರು. ನನಗೆ ಮಾತ್ರ ಆ ಪುಸ್ತಕ ಮೆಚ್ಚಿಗೆಯಾಯಿತು. ಇದು ಮುಯ್ಯಿಯ ಲೆಕ್ಕವೇ. ಹಳ್ಳಿಯಲ್ಲಿ ನೆನಪಿನಲ್ಲಿ ಇರುತ್ತಿದ್ದುದು ಇಲ್ಲಿ ಕಾಗದಕ್ಕೆ ಇಳಿಯಿತು. ಸ್ನೇಹದ ಮೇಲೆ ಭಾರ ಹಾಕಿ ನಡೆಯುವ ಕೆಲಸಗಳು ಸ್ನೇಹವನ್ನೇ ಮುರಿಯುವುದನ್ನು ನಾನು ಅನೇಕ ಸಂಘಸಂಸ್ಥೆಗಳಲ್ಲಿ ಕಂಡಿದ್ದೇನೆ. ಲೆಕ್ಕವಿದ್ದ ಕಡೆ ಸ್ನೇಹಕ್ಕೆ ಉಸಿರಾಡಲು ಎಡೆಯಿರುತ್ತದೆ.

ದುಡಿಮೆಯನ್ನು ಹೀಗೆ ಗಂಟೆಯಲ್ಲಿ ಅಳೆದೆವು. ಬೆಳೆಯನ್ನು ಅಳೆಯಹೋದಾಗ ಗಿಡಗಳು ಒಪ್ಪಲಿಲ್ಲ. ಈ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ತೋಟದ ಪಾಲನ್ನು ಕುರಿತು ನಾನು ಕಲಿತ ಹೆಚ್ಚಿನದನ್ನು ಗಿಡಗಳಿಂದಲೇ ಕಲಿತೆ.

ಹರಿವೆ, ದಂಟು, ಮೆಂತ್ಯ, ಕೊತ್ತಂಬರಿಗಳು ಒಂದು ಗುಂಪು. ಇವು ದಿನವೂ ಕಿತ್ತಷ್ಟು ಒಳ್ಳೆಯವು, ಬಿಟ್ಟರೆ ಬಲಿತುಹೋಗುತ್ತವೆ. ಇವನ್ನು ತೂಗಿ ಹಂಚುವುದೆಂದರೆ, ಹಂಚುವ ಹೊತ್ತಿಗೆ ಬಾಡಿರುತ್ತವೆ. ಅಂದು ಯಾರು ನೀರು ಹಾಯಿಸಿದರೋ ಅವರೇ ಒಂದು ಹಿಡಿ ಕೊಯ್ದುಕೊಂಡು ಹೋಗಬಹುದು ಎಂದಾಯಿತು; ಸೊಪ್ಪು ದುಡಿದವರ ಅಂದಂದಿನ ಪಾಲಾಯಿತು. ಬದನೆ ಬೇರೆ ಬಗೆಯದು. ನಾವು ಹಾಕಿದ್ದು ನಮ್ಮ ಮೈಸೂರಿನದೇ ಆದ ಈರನಗೆರೆಯ ಹಸಿರು ಬದನೆ. ಅದು ತಿಂಗಳುಗಟ್ಟಲೆ ಅಷ್ಟಷ್ಟೇ ಬಿಡುತ್ತ ಹೋಗುತ್ತದೆ, ಸಂಬಳದಾರನಂತೆ. ಬೆಂಡೆಯೂ ಹಾಗೆಯೇ. ಇವನ್ನು ವಾರಕ್ಕೆರಡು ಸಲ ಕಿತ್ತು ಹನ್ನೊಂದು ಗುಡ್ಡೆ ಮಾಡಿದರೆ ತಕರಾರಿಲ್ಲ. ಬಾಳೆಯ ಸಂಗತಿ ಹಾಗಲ್ಲ. ವರ್ಷವೆಲ್ಲ ನೀರು ಕುಡಿದು ಒಂದು ದಿನ ಒಂದು ಗೊನೆಯನ್ನು ನಮ್ಮ ಕೈಗಿಟ್ಟು ತನ್ನ ಕೆಲಸ ಮುಗಿಯಿತೆನ್ನುತ್ತದೆ. ಒಂದು ಗೊನೆಯ ಚಿಪ್ಪುಗಳೆಲ್ಲ ಸಮನಾಗಿರುವುದಿಲ್ಲ; ಮೇಲಿನ ಚಿಪ್ಪಿನ ಕಾಯಿ ದಪ್ಪ, ಕೆಳಗಿನದು ಸಣ್ಣದು. ದಪ್ಪ ಚಿಪ್ಪು ಯಾರಿಗೆ ಎಂಬ ಪ್ರಶ್ನೆಗೆ ಎಂಜಿನಿಯರರ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮಕ್ಕಳಿರುವ ಮನೆಗಳಿಗೆ ಮೇಲಿನ ಚಿಪ್ಪು ಎಂದು ಯಾರೋ ಹೇಳಿದರು, ಎಲ್ಲರೂ ಹೂಂಗುಟ್ಟಿದರು. ಅಲ್ಲಿಗೆ ದುಡಿಮೆಯ ಅಳತೆ ಕಳಚಿ ಅಗತ್ಯದ ಅಳತೆ ಒಳಗೆ ಬಂದಿತ್ತು. ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ನುಗ್ಗೆಯಂತೂ ಬಿಟ್ಟರೆ ಬೀದಿಗೆಲ್ಲ ಸಾಕಾಗಿ ಮಿಗುವಷ್ಟು ಬಿಡುತ್ತದೆ. ಅದನ್ನು ಲೆಕ್ಕಹಾಕುವವನೇ ಹುಚ್ಚ. ಕರಿಬೇವಿಗೆ ಯಾರೂ ದುಡಿಯಲಿಲ್ಲ, ಎಲ್ಲರೂ ಮುರಿದುಕೊಂಡರು.

ಇನ್ನು ಅವರೆ. ಅವರೆಯ ಬಳ್ಳಿ ಹಗಲು ಚಿಕ್ಕದಾಗುವುದನ್ನು ಕಾದು ಹೂಬಿಡುವಂಥದು. ಹಳೆಯ ನಾಟಿ ತಳಿಗಳನ್ನು ಎಷ್ಟು ಬೇಗ ಬಿತ್ತಿದರೂ ಚಳಿಗಾಲಕ್ಕೆ ಮುಂಚೆ ಕಾಯಿ ಕಟ್ಟುವುದಿಲ್ಲ. ಮಾರ್ಗಶಿರ, ಪುಷ್ಯಗಳಲ್ಲಿ, ಇಬ್ಬನಿ ಬಿದ್ದು ಸೊಗಡೇರಿದಾಗ, ಒಮ್ಮೆಗೇ ಎಲ್ಲ ಬರುತ್ತದೆ. ಮೈಸೂರಿನ ಕಡೆಯವರಿಗೆ ಆಗ ಬೇರೆ ತರಕಾರಿ ತರಕಾರಿಯಲ್ಲ. ಹಾಗಾಗಿ ನಮ್ಮ ತೋಟದ ನಿಜವಾದ ಸುಗ್ಗಿ ಅವರೆಯದು. ನಿಜವಾದ ವ್ಯಾಜ್ಯವೂ ಅವರೆಯದೇ ಆಯಿತು.

ನಮ್ಮ ಬೀದಿಯಲ್ಲಿ ತಿರುಮಕೂಡಲು ನರಸೀಪುರದ ಕಡೆಯ ಅಜ್ಜಿಯೊಬ್ಬರಿದ್ದಾರೆ. ಎಂಬತ್ತರ ಹತ್ತಿರದ ವಯಸ್ಸು. ಬಗ್ಗಿ ಕೆಲಸ ಮಾಡಲಾಗದು. ಅವರೆಯ ಬಿತ್ತನೆ ಬೀಜ ಅವರ ಮನೆಯದು. ಸುಗ್ಗಿಯ ದಿನ ಬೆಳಗ್ಗೆ ಕಿತ್ತ ಕಾಯಿಯನ್ನೆಲ್ಲ ಗೋಣಿಚೀಲದ ಮೇಲೆ ರಾಶಿ ಹಾಕಿ, ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಅಳೆಯುವ ಕೆಲಸ ಅವರಿಗೊಪ್ಪಿಸಿದೆವು. ಅವರು ಹಳೆಯ ಹಿತ್ತಾಳೆಯ ಸೇರನ್ನು ತಂದು ಮೊದಲ ಸೇರನ್ನು ಸುರಿಯುತ್ತ ‘ಲಾಭ’ ಎಂದರು, ಅನಂತರ ‘ಎರಡು, ಮೂರು’ ಎಂದು ಮುಂದುವರಿದರು. ಎಂಜಿನಿಯರು ಬೆಚ್ಚಿ, ‘ಒಂದು ಎಲ್ಲಿ ಹೋಯಿತು, ಅಜ್ಜಿ?’ ಎಂದರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಎಣಿಕೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವುದು ನಮ್ಮ ರೈತರ ಸಂಪ್ರದಾಯವೆಂದು ನಾನು ಪುಸ್ತಕದ ವಿವರಣೆ ಕೊಟ್ಟೆ. ಅಜ್ಜಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹನ್ನೊಂದು ಗುಡ್ಡೆಯಾಯಿತು. ಆಗ ಅವರು ಸೇರನ್ನು ಮಡಿಲಲ್ಲಿಟ್ಟುಕೊಂಡು, ತೋಟದ ಅಂಚಿನಲ್ಲಿ ನಿಂತಿದ್ದ ಹೆಂಗಸೊಬ್ಬಳನ್ನು ತೋರಿಸಿ, ‘ಇವಳು ಯಾರ ಮನೆಯ ಮುಯ್ಯಾಳಪ್ಪಾ?’ ಎಂದು ಕೇಳಿದರು.

ಆ ಹೆಣ್ಣುಮಗಳು ನಮ್ಮ ಬೀದಿಯ ಮೂರು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಕಸ ಗುಡಿಸುವವಳು. ಅವುಗಳಲ್ಲಿ ಒಂದು ಮನೆಯವರು, ತಮಗೆ ಬಿಡುವಿಲ್ಲದ್ದರಿಂದ, ತಮ್ಮ ಸರದಿಯ ನಾಲ್ಕು ಗಂಟೆಗೆ ಅವಳನ್ನು ಕಳಿಸುತ್ತಿದ್ದರು. ಅವಳು ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ನಾವು ಹತ್ತು ಜನ ಮಾಡುವುದನ್ನು ಒಬ್ಬಳೇ ಮಾಡುತ್ತಿದ್ದಳು. ಪುಸ್ತಕದಲ್ಲಿ ಆ ಮನೆಯ ಪುಟ ಎಲ್ಲರದಕ್ಕಿಂತ ತುಂಬಿತ್ತು. ಬೆಳೆಯೂ ಆ ಮನೆಗೆ ಸರಿಯಾಗಿ ಸಲ್ಲುತ್ತಿತ್ತು. ಅವಳ ಮನೆಗೆ ಒಂದು ಕಾಯಿಯೂ ಹೋಗಿರಲಿಲ್ಲ.

‘ಅವಳಿಗೆ ಸಂಬಳ ಕೊಡುತ್ತೇವಲ್ಲ’ ಎಂದರು ಆ ಮನೆಯವರು. ಹೇಳಿದ್ದು ಸುಳ್ಳಲ್ಲ. ಬೀದಿಯ ವಕೀಲರೊಬ್ಬರು, ಒಬ್ಬರ ಪರವಾಗಿ ಇನ್ನೊಬ್ಬರು ಮಾಡಿದ ಕೆಲಸದ ಫಲ ಕಳಿಸಿದವರಿಗೇ ಸೇರತಕ್ಕದ್ದೆಂದು ನ್ಯಾಯ ಹೇಳಿದರು. ಅಜ್ಜಿ ಹೇಳಿದ್ದನ್ನು ಇದ್ದಂತೆಯೇ ಹೇಳುತ್ತೇನೆ: ‘ಸಂಬಳ ಕೊಟ್ಟರೆ ಅವಳು ಕೂಲಿಯಾಳು. ನೀವು ಪುಸ್ತಕದಲ್ಲಿ ಬರೆದಿರೋದು ಮುಯ್ಯಿ. ಮುಯ್ಯಿಗೆ ಬಂದೋರ ಮನೆಗೆ ನಾವೂ ಹೋಗಬೇಕಪ್ಪಾ. ಅವಳ ಮನೆಗೆ ಯಾರು ಹೋಗಿದ್ದೀರಿ?’

ಯಾರೂ ಹೋಗಿರಲಿಲ್ಲ. ಅವಳ ಮನೆ ವರ್ತುಲ ರಸ್ತೆಯ ಆಚೆ ಇದೆಯೆಂಬುದು ಸಹ ಬಹುಮಂದಿಗೆ ಆಗಲೇ ತಿಳಿದದ್ದು.

ಶ್ರೋತೃಗಳೇ, ಅಜ್ಜಿಯ ಆ ಒಂದು ಪ್ರಶ್ನೆಯನ್ನು ನಾನು ಅಂದಿನಿಂದ ಮನಸ್ಸಿನಲ್ಲಿ ಹೊರಳಿಸುತ್ತಿದ್ದೇನೆ. ಮುಯ್ಯಿ ಚೆನ್ನಾದ ಪದ್ಧತಿ. ಆದರೆ ಅದು ನಡೆಯಬೇಕಾದರೆ ಇಬ್ಬರಿಗೂ ಹೊಲವಿರಬೇಕು. ಹೊಲವಿಲ್ಲದವನು ನಿನ್ನ ಹೊಲದಲ್ಲಿ ದುಡಿದರೆ ಅದನ್ನು ನೀನು ಹಿಂದಿರುಗಿಸುವುದೆಲ್ಲಿ? ಹಾಗಾಗಿ ಮುಯ್ಯಿಯ ಬಳಗದಿಂದ ಅವನು ಮೊದಲೇ ಹೊರಗೆ. ಅವನ ಪಾಲಿಗೆ ಉಳಿದದ್ದು ಕೂಲಿ, ಆಯ, ಹಕ್ಕಲು. ಆಯದ ವ್ಯವಸ್ಥೆಯನ್ನು ಗ್ರಾಮಜೀವನದ ಸಾಮರಸ್ಯವೆಂದು ಹೊಗಳಿ ಬರೆದವರಿದ್ದಾರೆ. ಕಮ್ಮಾರನಿಗೆ, ಕುಂಬಾರನಿಗೆ ಬರಗಾಲದಲ್ಲಿಯೂ ಒಂದು ಹಿಡಿ ಕಾಳಿನ ಭರವಸೆ ಅದರಿಂದ ಇತ್ತೆಂಬುದು ನಿಜ. ಆದರೆ ಯಾರ ರಾಶಿಯ ಹತ್ತಿರ ಯಾರು ಎಷ್ಟು ದೂರ ನಿಲ್ಲಬೇಕು, ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬುದನ್ನು ಅಲ್ಲಿ ಗೊತ್ತುಮಾಡುತ್ತಿದ್ದುದು ದುಡಿಮೆಯ ಪ್ರಮಾಣವಲ್ಲ, ಹುಟ್ಟು. ತಳವಾರ, ತೋಟಿ ಮೊದಲಾದ ವಂಶಪಾರಂಪರ್ಯದ ಗ್ರಾಮಸೇವೆಗಳು ನಮ್ಮಲ್ಲಿ ರದ್ದಾದದ್ದು 1961ರ ಕಾಯಿದೆಯಿಂದ. ಗೇಣಿ ಪದ್ಧತಿ ಕೊನೆಗೊಂಡದ್ದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ, ಗೇಣಿದಾರರು ಹೊಲದೊಡೆಯರಾದರು. ಗೇಣಿಯೂ ಇಲ್ಲದೆ ಬರಿಯ ಕೂಲಿಯಲ್ಲಿ ಬದುಕುತ್ತಿದ್ದವರಿಗೆ ಅದರಿಂದ ದೊರೆತದ್ದು ಸ್ವಲ್ಪವೇ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಚೋಮನಿಗೆ ಎತ್ತುಗಳಿದ್ದವು, ತೋಳಿನಲ್ಲಿ ಕಸುವಿತ್ತು. ಉಳಲು ನೆಲ ಮಾತ್ರ ದೊರೆಯಲಿಲ್ಲ. ಅವನನ್ನು ಯಾವ ಊರು ಮುಯ್ಯಾಳೆಂದು ಕರೆದೀತು?

ಹಕ್ಕಲಿನ ಮಾತೂ ಇದಕ್ಕೆ ಸೇರಿದ್ದು. ಹೊಲದಲ್ಲಿ ಉದುರಿದ್ದನ್ನು ಆಯ್ದು ಜೀವಿಸುವುದನ್ನು ಸಂಸ್ಕೃತದಲ್ಲಿ ಉಂಛವೃತ್ತಿ ಎಂದು ಕರೆದು ಬಹಳ ದೊಡ್ಡದು ಮಾಡಿದ್ದಾರೆ. ಮಹಾಭಾರತದ ಅಶ್ವಮೇಧ ಪರ್ವದಲ್ಲಿ ಮುಂಗುಸಿಯ ಕಥೆ ಬರುತ್ತದೆ. ಕಾಳು ಆಯ್ದು ತಂದು ಬದುಕುತ್ತಿದ್ದ ಬಡ ಕುಟುಂಬವೊಂದು ಹಸಿದ ಅತಿಥಿಗೆ ತಮ್ಮ ಹಿಟ್ಟನ್ನೆಲ್ಲ ಕೊಟ್ಟಿತು. ಅಲ್ಲಿ ಹೊರಳಿದ ಮುಂಗುಸಿಯ ಅರ್ಧ ಮೈ ಚಿನ್ನವಾಯಿತು. ಧರ್ಮರಾಯನ ಯಜ್ಞಶಾಲೆಯಲ್ಲಿ ಎಷ್ಟು ಹೊರಳಿದರೂ ಉಳಿದರ್ಧ ಹಾಗೆಯೇ ಉಳಿಯಿತು. ಕಥೆ ಅದ್ಭುತವಾದದ್ದು. ಆದರೆ ತಾನಾಗಿ ವ್ರತವೆಂದು ಆಯ್ದುಕೊಂಡ ಬಡತನ ಬೇರೆ, ಬೇರೆ ದಾರಿಯಿಲ್ಲದೆ ಹಕ್ಕಲಾಯುವುದು ಬೇರೆ. ಮೊದಲನೆಯದಕ್ಕೆ ಪುರಾಣ ಸಿಕ್ಕಿತು. ಎರಡನೆಯದನ್ನು 1857ರಲ್ಲಿ ಫ್ರಾನ್ಸಿನ ಚಿತ್ರಕಾರ ಮಿಲೆ, ಕೊಯ್ದ ಹೊಲದಲ್ಲಿ ಸೊಂಟ ಬಗ್ಗಿಸಿದ ಮೂವರು ಹೆಂಗಸರ ಚಿತ್ರ ಬರೆದು ಪ್ರದರ್ಶಿಸಿದಾಗ ಪ್ಯಾರಿಸ್ಸಿನ ಸಿರಿವಂತರಿಗೆ ಅದು ಹಿಡಿಸಲಿಲ್ಲ.

ಹನ್ನೆರಡನೆಯ ಶತಮಾನದ ನಮ್ಮ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿಗಳು ಈ ಎರಡಕ್ಕೂ ಸೇರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಕಂಡು, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೆ ಒಂದು ಪ್ರತ್ಯೇಕ ಭಾಗವೇ ಮೀಸಲಾಗಿದೆ. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಲಕ್ಕಮ್ಮನ ನಿಷ್ಠುರ. ಆಯ್ದದ್ದು ಅವಳಿಗೆ ಯಾರೋ ಹಾಕಿದ ಭಿಕ್ಷೆಯಲ್ಲ. ಅದು ಗಂಡಹೆಂಡಿರ ದುಡಿಮೆ. ದುಡಿಮೆಯಾದ್ದರಿಂದಲೇ ಅದಕ್ಕೊಂದು ಅಳತೆ, ಆ ಅಳತೆ ಇಡುವ ಹಕ್ಕು ಅವಳದು. ಎಷ್ಟು ಸಾಕು ಎಂದು ಹೇಳಬಲ್ಲವಳು ಪಾಲುಗಾರ್ತಿ. ಕೊಟ್ಟಷ್ಟನ್ನು ಸೆರಗೊಡ್ಡಿ ಒಯ್ಯುವವಳಿಗೆ ಆ ಮಾತನ್ನಾಡುವ ಅವಕಾಶವಿರುವುದಿಲ್ಲ.

ನಮ್ಮ ತೋಟಕ್ಕೆ ಮರಳೋಣ. ಅವಳಿಗೂ ಒಂದು ಸೇರು ಕೊಟ್ಟುಬಿಡೋಣ ಎಂದು ಅಂದು ಹಲವರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ಅದು ಹಕ್ಕಲಿನ ದಾರಿ. ನಾನು ಸಭೆಯಲ್ಲಿ ಹೇಳಿದ್ದಿಷ್ಟು: ಹಳ್ಳಿಯ ಮುಯ್ಯಿಯಲ್ಲಿ ಹೊಲವುಳ್ಳವರು, ಹೊಲವಿಲ್ಲದವರು ಎಂದು ಎರಡು ಪಂಗಡವಿತ್ತು. ಈ ನಾಲ್ಕು ಗುಂಟೆ ನಮ್ಮ ಹನ್ನೊಂದು ಮನೆಗಳಲ್ಲಿ ಯಾರದು? ಯಾರದೂ ಅಲ್ಲ. ಪಟ್ಟಣದಲ್ಲಿ ನಮ್ಮ ಮನೆಗಳಿರಬಹುದು, ಬ್ಯಾಂಕಿನಲ್ಲಿ ಠೇವಣಿಯಿರಬಹುದು. ಈ ಬೇಲಿಯೊಳಗೆ ಕಾಲಿಟ್ಟರೆ ನಾವೆಲ್ಲರೂ ಭೂಹೀನರೇ. ಇಲ್ಲಿ ನಮಗಿರುವ ಒಂದೇ ಹಕ್ಕು ದುಡಿದದ್ದರ ಹಕ್ಕು, ಆ ಹಕ್ಕು ಅವಳಿಗೆ ನಮಗಿಂತ ಹೆಚ್ಚಾಗಿಯೇ ಇದೆ.

ವಾದ ಒಂದು ಗಂಟೆ ನಡೆಯಿತು. ಅವರೆಕಾಯಿ ಬಿಸಿಲಿಗೆ ಬಾಡತೊಡಗಿತು. ಕೊನೆಗೆ ಪುಸ್ತಕದಲ್ಲಿ ಹನ್ನೆರಡನೆಯ ಪುಟಕ್ಕೆ ಗೆರೆ ಬಿತ್ತು. ಹಿಂದಿನ ಗಂಟೆಗಳನ್ನು ಆ ಮನೆಯ ಪುಟದಿಂದ ತೆಗೆದು ಅವಳ ಪುಟಕ್ಕೆ ಬರೆಯಬೇಕೆಂದಾಯಿತು. ಸಂಬಳದ ಹೊತ್ತಿನಲ್ಲಿ ಅವಳನ್ನು ಯಾರೂ ತೋಟಕ್ಕೆ ಕಳಿಸಕೂಡದೆಂದಾಯಿತು. ಆ ಮನೆಯವರು ಸಿಟ್ಟಾಗಿ ಅಂದಿನಿಂದ ತೋಟಕ್ಕೆ ಬರುವುದನ್ನೇ ಬಿಟ್ಟರು. ಈಗಲೂ ಬೀದಿಯಲ್ಲಿ ಎದುರಾದರೆ ನಮಸ್ಕಾರವಿದೆ, ಮಾತಿಲ್ಲ. ಒಂದು ಪುಟ ತೆರೆದು ಒಂದು ಪುಟ ಮುಚ್ಚಿತು. ಲೆಕ್ಕದಲ್ಲಿ ಮನೆಗಳು ಮತ್ತೆ ಹನ್ನೊಂದೇ. ಇದನ್ನು ನ್ಯಾಯದ ಗೆಲುವೆಂದು ಹೇಳಿಕೊಳ್ಳಲು ನನಗೆ ಬಾಯಿ ಬಾರದು. ಆ ಮನೆಯ ಹುಡುಗನೊಬ್ಬ ಬೇಲಿಯ ಹತ್ತಿರ ನಿಂತು ಪಪ್ಪಾಯಿ ಮರವನ್ನು ನೋಡುತ್ತಿರುತ್ತಾನೆ. ಅಜ್ಜಿ ಅವನನ್ನು ಕರೆದು ಒಂದು ಹೋಳು ಕೊಡುತ್ತಾರೆ. ಅದು ಯಾವ ಪುಟಕ್ಕೂ ಸೇರುವುದಿಲ್ಲ.

ಅಜ್ಜಿಯ ಪಾಲಿನ ಪ್ರಶ್ನೆಯೂ ಬಂತು. ದುಡಿದವರಿಗೇ ಪಾಲು ಎಂದಾದ ಮೇಲೆ, ಬಗ್ಗಲಾಗದ ಅಜ್ಜಿಗೆ ಯಾವ ಲೆಕ್ಕದಲ್ಲಿ ಕೊಡುವುದು ಎಂದು ವಕೀಲರು ಕೇಳಿದರು. ಸ್ವಲ್ಪ ಮೊನಚಾಗಿಯೇ ಕೇಳಿದರು. ಎಂಜಿನಿಯರು ತಮ್ಮ ಕನ್ನಡಕ ಒರೆಸಿಕೊಂಡು, ‘ಬೀಜ ಅವರದು, ಬೀಜಕ್ಕೆ ಎಷ್ಟು ಗಂಟೆ ಹಾಕಲಿ, ನೀವೇ ಹೇಳಿ’ ಎಂದರು. ವಕೀಲರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ಅಜ್ಜಿಯ ಪುಟದಲ್ಲಿ ಗಂಟೆಯ ಅಂಕಣ ಖಾಲಿ. ಅಲ್ಲಿ ‘ಬೀಜ’ ಎಂದಷ್ಟೇ ಬರೆದಿದೆ.

ಆಮೇಲೆ ಬೇಸಗೆ ಬಂತು. ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ನೀರು, ಕೊಳವೆಬಾವಿ ಸೊರಗಿತು. ನಾಲ್ಕು ಗುಂಟೆಗೂ ನೀರುಣಿಸುವುದು ಸಾಧ್ಯವಿರಲಿಲ್ಲ. ನಲ್ಲಿಯ ಹತ್ತಿರದ ಆರು ಮಡಿಗಳನ್ನು ಮಾತ್ರ ಉಳಿಸಿಕೊಂಡು, ಬಂದದ್ದನ್ನು ಎಲ್ಲ ಮನೆಗಳೂ ಹಂಚಿಕೊಂಡೆವು. ಇದನ್ನು ಸ್ನೇಹಿತರೊಬ್ಬರಿಗೆ ಹೇಳಿದಾಗ, ಅವರು ಕೋಲಾರ ಸೀಮೆಯವರು, ಇದು ನಮ್ಮ ದಾಮಾಶವಲ್ಲವೇ ಎಂದರು. ಕೆರೆಯಲ್ಲಿ ನೀರು ಕಡಮೆಯಾದ ವರ್ಷ ಆ ಕಡೆಯ ಊರುಗಳಲ್ಲಿ ಅಚ್ಚುಕಟ್ಟಿನ ರೈತರೆಲ್ಲ ಸೇರಿ, ಇರುವ ನೀರಿಗೆ ಎಷ್ಟು ನೆಲ ಸಾಧ್ಯವೋ ಅಷ್ಟನ್ನು ತೂಬಿನ ಹತ್ತಿರದಲ್ಲಿ ಗುರುತಿಸಿ, ಅದು ಯಾರ ಗದ್ದೆಯೆಂದು ನೋಡದೆ, ಆ ಒಂದು ಬೆಳೆಗೆ ಮಾತ್ರ ತಮ್ಮ ತಮ್ಮ ಹಿಡುವಳಿಯ ಪ್ರಮಾಣದಲ್ಲಿ ಎಲ್ಲರೂ ಪಾಲು ಮಾಡಿಕೊಂಡು ಬೆಳೆಯುತ್ತಿದ್ದರು. ನೀರು ಹಾಯಿಸುವುದು ನೀರಗಂಟಿಯ ಕೆಲಸ. ಕಟ್ಟಕಡೆಯ ಗದ್ದೆಯವನೂ ಆ ವರ್ಷ ತೂಬಿನ ಬುಡದಲ್ಲಿ ಬೆಳೆಯುತ್ತಿದ್ದ. ಸಮೃದ್ಧಿಯಲ್ಲಿ ತನ್ನದು ತನಗೆ ಎನ್ನುತ್ತಿದ್ದವರೇ ಕೊರತೆಯಲ್ಲಿ ಬದುಗಳನ್ನು ಮರೆಯುತ್ತಿದ್ದರು. ಇದೂ ಹಿಡುವಳಿಯುಳ್ಳವರ ಏರ್ಪಾಟೇ, ಹೊಲವಿಲ್ಲದವನಿಗೆ ಇದರಲ್ಲಿ ಸ್ಥಾನವಿರಲಿಲ್ಲ ಎಂಬುದನ್ನು ಬಿಡುವಂತಿಲ್ಲ. ಆದರೂ ಇಂಥದೊಂದು ಏರ್ಪಾಟನ್ನು ಊರವರು ತಮ್ಮಷ್ಟಕ್ಕೆ ತಾವೇ ಕಟ್ಟಿಕೊಂಡಿದ್ದರೆಂಬುದು ನನಗೆ ಒಂದು ಮಹಾಕಾವ್ಯವನ್ನು ಓದಿದಷ್ಟು ಬೆರಗನ್ನು ಕೊಟ್ಟಿತು. ನಮ್ಮ ಆರು ಮಡಿಗಳಲ್ಲಿ ಮಾತ್ರ ಹನ್ನೆರಡನೆಯ ಪುಟಕ್ಕೂ ಅಷ್ಟೇ ಪಾಲಿತ್ತು.

ಆ ಬೇಸಗೆಯಲ್ಲಿ ಅವಳು ಮೂರು ವಾರ ಬರಲಿಲ್ಲ. ಮಗಳ ಬಾಣಂತನ. ಪುಸ್ತಕದ ಪ್ರಕಾರ ಹನ್ನೆರಡು ಗಂಟೆ ಬಾಕಿ ಬಿತ್ತು. ಎಂಜಿನಿಯರು ಅದನ್ನು ಬರೆದರು. ಬರೆಯದೆ ಬಿಡುವುದು ಅವರ ಜಾಯಮಾನವಲ್ಲ. ಆದರೆ ಮೂರನೆಯ ವಾರ ಅವರೂ ಅವರ ಶ್ರೀಮತಿಯೂ ಚೀಲದಲ್ಲಿ ಅವಳ ಪಾಲಿನ ಬದನೆ, ನುಗ್ಗೆಸೊಪ್ಪು ಹಾಕಿಕೊಂಡು ವರ್ತುಲ ರಸ್ತೆ ದಾಟಿ ಅವಳ ಮನೆಗೆ ಹೋಗಿಬಂದರು. ಹೋದವರು ಬರಿಗೈಯಲ್ಲಿ ಬರಲಿಲ್ಲ. ಒಂದು ಡಬ್ಬದ ತುಂಬ ಒಲೆಯ ಬೂದಿ ತಂದರು. ಬೂದಿಯೇಕೆ ಎಂದು ನಾನು ಕೇಳಿದೆ. ಅವರೆಯ ಬೀಜಕ್ಕೆ ಹುಳು ಬೀಳದಂತೆ ಬೂದಿ ಬೆರೆಸಿಡಬೇಕೆಂದು ಅಜ್ಜಿ ಎಷ್ಟು ದಿನದಿಂದ ಕೇಳುತ್ತಿದ್ದರೂ ನಮ್ಮ ಬೀದಿಯ ಯಾವ ಮನೆಯಲ್ಲಿಯೂ ಬೂದಿಯಿರಲಿಲ್ಲ. ಸೌದೆಯ ಒಲೆ ಉರಿಯುತ್ತಿದ್ದುದು ಹನ್ನೆರಡನೆಯ ಮನೆಯಲ್ಲಿ ಮಾತ್ರ.

ಈಚೆಗೆ ನಿವೇಶನದ ಒಡೆಯರಿಂದ ಪತ್ರ ಬಂದಿದೆ. ಮಗ ಊರಿಗೆ ಮರಳುತ್ತಾನೆ, ಮನೆ ಕಟ್ಟಬೇಕು, ಯುಗಾದಿಯ ಹೊತ್ತಿಗೆ ಜಾಗ ತೆರವು ಮಾಡಿಕೊಟ್ಟರೆ ಉಪಕಾರ ಎಂದು ಬಹು ವಿನಯದಿಂದ ಬರೆದಿದ್ದಾರೆ. ನಾವು ಕೊಟ್ಟ ಮಾತಿನಂತೆ ಬಿಟ್ಟುಕೊಡುತ್ತೇವೆ. ಬಾಳೆಯ ಕಂದುಗಳನ್ನು ಈಗಾಗಲೇ ಕಿತ್ತು ಮನೆಗಳ ಹಿತ್ತಿಲಿಗೆ ಒಯ್ದದ್ದಾಯಿತು. ಕರಿಬೇವಿನ ಗಿಡವನ್ನು ಕಡಿಯಬೇಡಿ ಎಂದು ಒಡೆಯರಿಗೆ ಬರೆದಿದ್ದೇವೆ. ಮೂರು ಟ್ರಾಕ್ಟರ್ ಕೆರೆಗೋಡನ್ನು ಏನು ಮಾಡುವುದು ಎಂಬ ಬಗ್ಗೆ ಸಭೆ ಕರೆಯಬೇಕೆಂದು ವಕೀಲರು ಹೇಳುತ್ತಿದ್ದಾರೆ. ಕೊನೆಯ ಅವರೆಯಲ್ಲಿ ಬಲಿತ ಕಾಯಿಗಳನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟಿದ್ದೆವು. ಹೋದ ಭಾನುವಾರ ಅಜ್ಜಿ ಅವನ್ನು ಬಿಡಿಸಿ, ಬೂದಿ ಬೆರೆಸಿ, ಪುಸ್ತಕದಲ್ಲಿ ಪುಟ ಇರುವ ಎಲ್ಲರಿಗೂ, ಪುಟ ಮುಚ್ಚಿಹೋದ ಆ ಮನೆಗೂ, ಸಣ್ಣ ಬಟ್ಟೆಯ ಗಂಟು ಕಟ್ಟಿಕೊಟ್ಟರು. ಆ ಮನೆಗೆ ಗಂಟನ್ನು ಒಯ್ದು ಕೊಟ್ಟವಳು ಪಾತ್ರೆ ತೊಳೆಯಲು ಅಲ್ಲಿಗೆ ಈಗಲೂ ಹೋಗುವ ಆ ಹೆಣ್ಣುಮಗಳೇ. ಅವರು ತೆಗೆದುಕೊಂಡರಂತೆ.

ಹಿಂದಿನ ಬೀದಿಯಲ್ಲಿ ಇನ್ನೊಂದು ನಿವೇಶನ ಖಾಲಿಯಿದೆ. ಅದರ ಒಡೆಯರ ವಿಳಾಸವನ್ನು ಎಂಜಿನಿಯರು ಹುಡುಕುತ್ತಿದ್ದಾರೆ. ಅವರೆ ಬಿತ್ತುವುದಕ್ಕೆ ಇನ್ನೂ ಆಷಾಢದವರೆಗೆ ಕಾಲಾವಕಾಶವಿದೆ.